ಪುಸ್ತಕದ ಬದನೆಕಾಯಿಯಲ್ಲ, ಓವನ್ನಿನ ಬದನೆಕಾಯಿ

ಬದನೆಕಾಯಿಯಷ್ಟು ಒಳ್ಳೆಯ ಹೆಸರನ್ನೂ ಕೆಟ್ಟ ಹೆಸರನ್ನೂ ಒಟ್ಟಿಗೆ ಪಡೆದ ತರಕಾರಿ ನಮ್ಮಲ್ಲಿ ಇನ್ನೊಂದಿಲ್ಲ. ಎಣ್ಣೆಗಾಯಿ, ವಾಂಗಿಭಾತ್ ಎಂದರೆ ಬಾಯಲ್ಲಿ ನೀರೂರುವ ಮನೆಯಲ್ಲೇ ಬಾಣಂತಿಗೆ, ಗಾಯವಾದವರಿಗೆ, ಆಪರೇಷನ್ ಮಾಡಿಸಿಕೊಂಡವರಿಗೆ ‘ಬದನೆಕಾಯಿ ನಂಜು, ಮುಟ್ಟಬೇಡಿ’ ಎಂಬ ಕಟ್ಟಪ್ಪಣೆಯೂ ಇರುತ್ತದೆ. ಈಗ ಇದೇ ಬದನೆಕಾಯಿ ಇಟಲಿಯ ವೇಷ ತೊಟ್ಟು ನಮ್ಮ ಊಟದ ಮೇಜಿಗೆ ಬಂದಿದೆ. ಅದರ ಹೆಸರು ಪಾರ್ಮಿಜಾನಾ. ಬದನೆಯ ಹೋಳು, ಟೊಮೆಟೊ ಗೊಜ್ಜು, ಚೀಸ್ ಇವುಗಳನ್ನು ಪದರ ಪದರವಾಗಿ ಜೋಡಿಸಿ ಓವನ್ನಿನಲ್ಲಿ ಬೇಯಿಸಿದ ಖಾದ್ಯ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳ, ಯಲಹಂಕದ ಆಸುಪಾಸಿನಲ್ಲಿ ಹೋಟೆಲು, ಕೆಫೆಗಳು ಸಾಲುಗಟ್ಟಿವೆ. ಮಕ್ಕಳು ಅಲ್ಲಿ ತಿಂದು ಬಂದು ಮನೆಯಲ್ಲೂ ಮಾಡಿಕೊಡಿ ಎನ್ನುತ್ತಾರೆ. ಇತ್ತ ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ನುಂಗುತ್ತಿರುವ ಹಿರಿಯರು, ‘ಡಾಕ್ಟ್ರೇ, ಇದು ತರಕಾರಿ ತಾನೆ? ಕರಿದದ್ದಲ್ಲ, ಬೇಕ್ ಮಾಡಿದ್ದು. ತಿಂದರೆ ತಪ್ಪೇನು?’ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೋಟೆಲಿನಲ್ಲಿ ಸಿಗುವ ಈ ತಿನಿಸಿನಲ್ಲಿ ಬದನೆಯನ್ನು ಸಾಮಾನ್ಯವಾಗಿ ಮೊದಲು ಎಣ್ಣೆಯಲ್ಲಿ ಕರಿದು, ಆಮೇಲೆ ಓವನ್ನಿಗೆ ಇಟ್ಟಿರುತ್ತಾರೆ. ಮೇಲೆ ಸುರಿದ ಚೀಸ್‌ನಲ್ಲಿ ಕೊಬ್ಬಿನ ಜೊತೆಗೆ ಉಪ್ಪೂ ಇರುತ್ತದೆ. ಹೆಸರಿಗೆ ತರಕಾರಿ, ಹೊಟ್ಟೆಗೆ ಹೋಗುವುದು ಎಣ್ಣೆ ಮತ್ತು ಉಪ್ಪು.

ಹಾಗೆಂದು ಇದನ್ನು ಬಿಟ್ಟುಬಿಡಬೇಕಾಗಿಲ್ಲ. ಮನೆಯಲ್ಲಿ ಕೈಯಾರೆ ಮಾಡಿಕೊಂಡರೆ ಎಣ್ಣೆ, ಉಪ್ಪು ಎರಡರ ಲೆಕ್ಕವೂ ನಮ್ಮ ಕೈಯಲ್ಲಿರುತ್ತದೆ. ಅದು ಹೇಗೆಂಬುದೇ ಈ ವಾರದ ವಿಷಯ.

ಎಲ್ಲಿಯ ಬದನೆ, ಎಲ್ಲಿಯ ಇಟಲಿ

ಬದನೆ ನಮ್ಮ ಕಡೆಯ ಬೆಳೆ. ಭಾರತ ಮತ್ತು ಅದರ ನೆರೆಯ ನಾಡುಗಳಲ್ಲಿ ಸಾವಿರಾರು ವರ್ಷಗಳಿಂದ ಬೆಳೆಯುತ್ತಿರುವ ಈ ಗಿಡವನ್ನು ಪರ್ಷಿಯನ್ನರೂ ಅರಬರೂ ಪಶ್ಚಿಮಕ್ಕೆ ಒಯ್ದರು. ಅರಬರ ಮೂಲಕ ಅದು ಸಿಸಿಲಿ ಮತ್ತು ಸ್ಪೇನ್ ತಲುಪಿತು. ಟೊಮೆಟೊ ಬಂದದ್ದು ಬೇರೆ ದಿಕ್ಕಿನಿಂದ. ಅದು ಅಮೆರಿಕ ಖಂಡದ್ದು. ಕೊಲಂಬಸ್‌ನ ನಂತರದ ಕಾಲದಲ್ಲಿ ಅದು ಯುರೋಪಿಗೂ, ಆಮೇಲೆ ನಮ್ಮಲ್ಲಿಗೂ ಬಂತು. ಪೂರ್ವದ ಬದನೆ, ಪಶ್ಚಿಮದ ಟೊಮೆಟೊ, ಸ್ಥಳೀಯ ಚೀಸ್ ಮೂರೂ ದಕ್ಷಿಣ ಇಟಲಿಯಲ್ಲಿ ಒಂದಾಗಿ ಈ ಖಾದ್ಯ ಹುಟ್ಟಿತು. ಇದು ತಮ್ಮದೆಂದು ಸಿಸಿಲಿಯವರೂ ನೇಪಲ್ಸ್‌ನವರೂ ಪಾರ್ಮಾದವರೂ ಇಂದಿಗೂ ವಾದಿಸುತ್ತಾರೆ.

ಅಲ್ಲಿಯೂ ಬದನೆಗೆ ಆರಂಭದಲ್ಲಿ ಒಳ್ಳೆಯ ಹೆಸರಿರಲಿಲ್ಲ. ಇಟಲಿಯ ಭಾಷೆಯಲ್ಲಿ ಬದನೆಗೆ ಮೆಲಂಜಾನಾ ಎನ್ನುತ್ತಾರೆ. ಜನ ಅದನ್ನು ‘ಮೇಲಾ ಇನ್ಸಾನಾ’, ಅಂದರೆ ‘ಹುಚ್ಚು ಹಣ್ಣು’ ಎಂದು ಒಡೆದು ಅರ್ಥ ಮಾಡಿದರು. ತಿಂದರೆ ಬುದ್ಧಿ ಕೆಡುತ್ತದೆ ಎಂಬ ನಂಬಿಕೆಯೂ ಇತ್ತು. ಪೆಲ್ಲೆಗ್ರಿನೊ ಆರ್ತೂಸಿ ಎಂಬುವರ ಪ್ರಸಿದ್ಧ ಅಡುಗೆ ಗ್ರಂಥ ಮೊದಲು ಅಚ್ಚಾದದ್ದು 1891ರಲ್ಲಿ. ಕೆಲವು ದಶಕಗಳ ಹಿಂದೆ ಫ್ಲಾರೆನ್ಸ್ ನಗರದ ಮಾರುಕಟ್ಟೆಯಲ್ಲಿ ಬದನೆ ಕಾಣುವುದೇ ಅಪರೂಪವಾಗಿತ್ತು, ಜನ ಅದನ್ನು ಕೀಳಾಗಿ ಕಾಣುತ್ತಿದ್ದರು ಎಂದು ಅವರು ಬರೆದಿದ್ದಾರೆ. ನಮ್ಮ ‘ನಂಜು’ ಮತ್ತು ಅವರ ‘ಹುಚ್ಚು’ ಎರಡೂ ಒಂದೇ ಅಂಜಿಕೆಯ ಎರಡು ರೂಪಗಳು.

ನಂಜು ಎಂಬ ಮಾತು ಎಷ್ಟು ನಿಜ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೆಲವರಿಗೆ ಬದನೆ ತಿಂದ ಮೇಲೆ ಬಾಯಿ, ಗಂಟಲು ತುರಿಸುತ್ತದೆ. ಮೈಮೇಲೆ ದದ್ದುಗಳೇಳುವುದೂ ಉಂಟು. ಬದನೆಯಲ್ಲಿ ಸ್ವಾಭಾವಿಕವಾಗಿಯೇ ಇರುವ ಹಿಸ್ಟಮೀನ್‌ನಂಥ ವಸ್ತುಗಳು ಇದಕ್ಕೆ ಕಾರಣವಾಗಬಹುದು. ಇನ್ನು ಕೆಲವೇ ಕೆಲವರಿಗೆ ನಿಜವಾದ ಅಲರ್ಜಿ ಇರುತ್ತದೆ.

ಈ ವಿಷಯದಲ್ಲಿ ನಮ್ಮ ಮೈಸೂರಿನಲ್ಲೇ ಒಂದು ಅಧ್ಯಯನ ನಡೆದು 2008ರಲ್ಲಿ ಪ್ರಕಟವಾಗಿದೆ. ಅದರಲ್ಲಿ 741 ಜನರನ್ನು ವಿಚಾರಿಸಲಾಯಿತು. ಬದನೆ ತಮಗೆ ಒಗ್ಗುವುದಿಲ್ಲ ಎಂದು ಹೇಳಿದವರು ನೂರಕ್ಕೆ ಸುಮಾರು 9 ಮಂದಿ. ಪರೀಕ್ಷೆ ಮಾಡಿ ನೋಡಿದಾಗ ನಿಜವಾದ ಅಲರ್ಜಿ ಇದ್ದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ತೊಂದರೆ ಹೇಳಿಕೊಂಡವರಲ್ಲಿ ಹೆಂಗಸರೇ ಹೆಚ್ಚು. ಇದರಿಂದ ತಿಳಿಯುವುದಿಷ್ಟು: ನಿಮಗೆ ಪ್ರತಿ ಸಲವೂ ಬದನೆ ತಿಂದಾಗ ತುರಿಕೆ, ದದ್ದು, ತುಟಿ ಊತ ಬರುತ್ತಿದ್ದರೆ ಬಿಟ್ಟುಬಿಡಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನೂ ಆಗದಿದ್ದವರು ಅಂಜಬೇಕಾಗಿಲ್ಲ. ಬದನೆ ತಿಂದದ್ದರಿಂದ ಹೊಲಿಗೆ ಹಾಕಿದ ಗಾಯ ಕೀವು ಕಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗಾಯ ಕೀವಾಗುವುದು ರೋಗಾಣುಗಳಿಂದ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯಿಂದ, ಸ್ವಚ್ಛತೆಯ ಕೊರತೆಯಿಂದ.

ಹಾಗೆಯೇ ಬದನೆ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಕೊಲೆಸ್ಟರಾಲ್ ಕರಗುತ್ತದೆ ಎಂಬ ಮಾತನ್ನೂ ನಂಬಬೇಡಿ. ನೂರು ಗ್ರಾಂ ಬದನೆಯಲ್ಲಿ ಇರುವುದು ಸುಮಾರು 25 ಕ್ಯಾಲೊರಿ, 3 ಗ್ರಾಂನಷ್ಟು ನಾರು, ಉಳಿದದ್ದು ಬಹುಪಾಲು ನೀರು. ಅದು ಔಷಧಿಯಲ್ಲ, ಒಳ್ಳೆಯ ತರಕಾರಿ. ಅಷ್ಟು ಸಾಕು.

ಎಣ್ಣೆ ಕುಡಿಯುವ ಸ್ಪಂಜು

ಬದನೆಯ ತಿರುಳನ್ನು ಬೆರಳಿನಿಂದ ಒತ್ತಿ ನೋಡಿ, ಸ್ಪಂಜಿನಂತೆ ತಗ್ಗುತ್ತದೆ. ಜೀವಕೋಶಗಳ ನಡುವೆ ಗಾಳಿ ತುಂಬಿದ ಸಣ್ಣ ಸಣ್ಣ ಜಾಗಗಳಿರುವುದೇ ಇದಕ್ಕೆ ಕಾರಣ. ಹಸಿ ಹೋಳನ್ನು ಕಾದ ಎಣ್ಣೆಗೆ ಹಾಕಿದರೆ ಆ ಜಾಗಗಳಿಗೆಲ್ಲ ಎಣ್ಣೆ ನುಗ್ಗುತ್ತದೆ. ಕರಿಯುವ ಮೊದಲು ಬಾಣಲೆಗೆ ಎಷ್ಟು ಎಣ್ಣೆ ಹಾಕಿದಿರಿ, ಕರಿದ ಮೇಲೆ ಎಷ್ಟು ಉಳಿಯಿತು ಎಂಬುದನ್ನು ಒಮ್ಮೆ ನೀವೇ ಅಳೆದು ನೋಡಿ. ಹೋಳುಗಳು ನೂರು ಮಿಲಿಲೀಟರ್ ಹೀರಿಕೊಂಡಿವೆ ಎಂದಿಟ್ಟುಕೊಂಡರೂ 800ಕ್ಕೂ ಹೆಚ್ಚು ಕ್ಯಾಲೊರಿ ಆಯಿತು. ಆಲಿವ್ ಎಣ್ಣೆಯಾದರೆ ಪರವಾಗಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಕಡಲೆಕಾಯಿ ಎಣ್ಣೆಯಾಗಲಿ, ಸೂರ್ಯಕಾಂತಿಯಾಗಲಿ, ಆಲಿವ್ ಆಗಲಿ, ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಕ್ಯಾಲೊರಿಯ ಲೆಕ್ಕದಲ್ಲಿ ಯಾವ ಎಣ್ಣೆಗೂ ರಿಯಾಯಿತಿ ಇಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರದ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ಸುಮಾರು 27 ಗ್ರಾಂ ಎಣ್ಣೆ, 400 ಗ್ರಾಂ ತರಕಾರಿ ಸಾಕು. ಒಂದೇ ಹೊತ್ತಿನ ಒಂದೇ ಖಾದ್ಯದಲ್ಲಿ ಇಡೀ ದಿನದ ಎಣ್ಣೆ ಮುಗಿದುಹೋದರೆ ಉಳಿದ ಒಗ್ಗರಣೆ, ಪಲ್ಯ, ದೋಸೆಗಳ ಗತಿಯೇನು?

ಓವನ್ನಿನ ಉಪಕಾರ ಇರುವುದು ಇಲ್ಲಿಯೇ. ಹೋಳುಗಳಿಗೆ ತೆಳ್ಳಗೆ ಎಣ್ಣೆ ಸವರಿ ಓವನ್ನಿಗೆ ಇಟ್ಟರೆ ಒಣ ಶಾಖಕ್ಕೆ ಗಾಳಿಯ ಜಾಗಗಳು ಕುಸಿದು, ನೀರಿನಂಶ ಆವಿಯಾಗಿ, ಹೋಳು ಮೆತ್ತಗಾಗುತ್ತದೆ, ಅಂಚು ಕೆಂಪಗಾಗುತ್ತದೆ. ಕರಿದದ್ದರ ಹತ್ತಿರ ಹತ್ತಿರದ ರುಚಿ ಬರುತ್ತದೆ, ಎಣ್ಣೆ ಮಾತ್ರ ಚಮಚದ ಲೆಕ್ಕದಲ್ಲಿ ಮುಗಿಯುತ್ತದೆ.

ಕಣ್ಣಿಗೆ ಕಾಣದ ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ಟೀ ಚಮಚ. ನಮ್ಮ ಸಾರು, ಹುಳಿ, ಉಪ್ಪಿನಕಾಯಿ, ಹಪ್ಪಳಗಳಲ್ಲೇ ಇದಕ್ಕಿಂತ ಹೆಚ್ಚು ಹೋಗುತ್ತಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ರಕ್ತದೊತ್ತಡ ಹೆಚ್ಚಿತ್ತು ಅಥವಾ ಅದಕ್ಕಾಗಿ ಮಾತ್ರೆ ನಡೆಯುತ್ತಿತ್ತು. ಅಂದರೆ ಊಟಕ್ಕೆ ಕೂತ ನಾಲ್ಕೈದು ಜನರಲ್ಲಿ ಒಬ್ಬರಿಗೆ ಉಪ್ಪಿನ ಲೆಕ್ಕ ಬೇಕೇ ಬೇಕು.

ಪಾರ್ಮಿಜಾನಾದಲ್ಲಿ ಉಪ್ಪು ನಾಲ್ಕು ಬಾಗಿಲುಗಳಿಂದ ಬರುತ್ತದೆ. ಮೊದಲನೆಯದು ಬದನೆಗೆ ಉಪ್ಪು ಸವರಿ ನೀರು ಬಿಡಿಸುವ ಪದ್ಧತಿ. ಹಿಂದಿನ ತಳಿಗಳ ಕಹಿ ತೆಗೆಯಲು ಇದನ್ನು ಮಾಡುತ್ತಿದ್ದರು. ಎಳೆಯ ಬದನೆಗೆ ಇದರ ಅಗತ್ಯವಿಲ್ಲ. ಎರಡನೆಯದು ಸೀಸೆಯ ಸಾಸ್. ಮೂರನೆಯದು ಬ್ರೆಡ್. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಚೀಸ್.

ಪೊಟ್ಟಣದ ಮೇಲೆ ‘ಸೋಡಿಯಂ’ ಎಂದು ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ. ಅದನ್ನು ಉಪ್ಪಿಗೆ ಬದಲಾಯಿಸುವುದು ಸುಲಭ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ನೂರು ಗ್ರಾಂ ಚೀಸ್‌ನಲ್ಲಿ 1200 ಮಿಲಿಗ್ರಾಂ ಸೋಡಿಯಂ ಇದ್ದರೆ ಅದರಲ್ಲಿ 3 ಗ್ರಾಂ ಉಪ್ಪಿದೆ ಎಂದಾಯಿತು. ಅಂಗಡಿಯಲ್ಲಿ ನಿಂತು ಈ ಒಂದು ಸಾಲು ಓದುವ ಅಭ್ಯಾಸ ಮಾಡಿಕೊಳ್ಳಿ.

ಯಾವ ಚೀಸ್?

ಚಪ್ಪಟೆ ಹಾಳೆಗಳಾಗಿ, ಡಬ್ಬಿಗಳಲ್ಲಿ ಬರುವ ಸಂಸ್ಕರಿಸಿದ ಚೀಸ್‌ನಲ್ಲಿ ಉಪ್ಪು ಹೆಚ್ಚು. ಹಲವು ತಿಂಗಳು ಹದಗೊಳಿಸಿದ ಪಾರ್ಮೆಸಾನ್‌ನಲ್ಲೂ ಹೆಚ್ಚು. ಮೊಝರೆಲ್ಲಾದಲ್ಲಿ ಸಾಮಾನ್ಯವಾಗಿ ಇವೆರಡಕ್ಕಿಂತ ಕಡಿಮೆ. ಮನೆಯಲ್ಲಿ ಹಾಲು ಒಡೆಸಿ ಮಾಡಿದ ಪನೀರ್‌ನಲ್ಲಿ ಹೊರಗಿನ ಉಪ್ಪೇ ಇಲ್ಲ. ಆದ್ದರಿಂದ ರಕ್ತದೊತ್ತಡ ಇರುವವರ ಮನೆಯಲ್ಲಿ ಅರ್ಧ ಮೊಝರೆಲ್ಲಾ, ಅರ್ಧ ಪುಡಿಮಾಡಿದ ಪನೀರ್ ಹಾಕುವುದು ಒಳ್ಳೆಯ ಉಪಾಯ. ಮೇಲೆ ಮೊಝರೆಲ್ಲಾ ಕರಗಿ ಎಳೆ ಬರುತ್ತದೆ, ಒಳಗೆ ಪನೀರ್ ಮೆತ್ತಗಿರುತ್ತದೆ.

ಶುದ್ಧ ಸಸ್ಯಾಹಾರಿಗಳು ಇನ್ನೊಂದು ವಿಷಯ ಗಮನಿಸಬೇಕು. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್ ತಯಾರಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಬೇಕೆಂಬುದು ಅಲ್ಲಿನ ನಿಯಮ. ನಮ್ಮಲ್ಲಿ ಹಸಿರು ಚುಕ್ಕೆ ಇರುವ ಚೀಸ್‌ಗಳಿಗೆ ಪ್ರಾಣಿಮೂಲದ ರೆನೆಟ್ ಬಳಸುವುದಿಲ್ಲ. ಆದ್ದರಿಂದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿಯೇ ಕೊಳ್ಳಿ. ದುಬಾರಿ ಆಮದು ಚೀಸ್ ಬೇಕೆಂದೇನೂ ಇಲ್ಲ. ಹಾಲಿನ ಅಂಗಡಿಯಲ್ಲಿ ಸಿಗುವ ನಮ್ಮ ದೇಶದ ಮೊಝರೆಲ್ಲಾ ಧಾರಾಳವಾಗಿ ಸಾಕು.

ಬೇಕಾಗುವ ಸಾಮಗ್ರಿಗಳು (ನಾಲ್ಕು ಜನರಿಗೆ)

ದೊಡ್ಡ ನೇರಳೆ ಬದನೆ 2 ಅಥವಾ 3, ಸುಮಾರು 800 ಗ್ರಾಂ
ಹಣ್ಣಾದ ಟೊಮೆಟೊ 1 ಕಿಲೊ
ಈರುಳ್ಳಿ 1, ಸಣ್ಣ ಕ್ಯಾರೆಟ್ 1
ಬೆಳ್ಳುಳ್ಳಿ 5–6 ಎಸಳು
ಎಣ್ಣೆ 3 ದೊಡ್ಡ ಚಮಚ (ಒಟ್ಟು 45 ಮಿಲಿಲೀಟರ್)
ಮೊಝರೆಲ್ಲಾ 120 ಗ್ರಾಂ (ಅಥವಾ ಮೊಝರೆಲ್ಲಾ 60 ಗ್ರಾಂ, ಪನೀರ್ 100 ಗ್ರಾಂ)
ಒಣಗಿಸಿ ಪುಡಿ ಮಾಡಿದ ಬ್ರೆಡ್ 1 ಹೋಳು
ಉಪ್ಪು ಅರ್ಧ ಟೀ ಚಮಚ, ಮೆಣಸಿನ ಪುಡಿ ಸ್ವಲ್ಪ
ಕಾಮಕಸ್ತೂರಿ ಎಲೆ ಒಂದು ಹಿಡಿ

ಹಾಪ್‌ಕಾಮ್ಸ್‌ನಲ್ಲೋ ತಳ್ಳುಗಾಡಿಯಲ್ಲೋ ಬದನೆ ಕೊಳ್ಳುವಾಗ ಬಜ್ಜಿ, ಭರ್ತಕ್ಕೆ ಬಳಸುವ ದಪ್ಪ ನೇರಳೆ ಬದನೆಯನ್ನೇ ಆರಿಸಿ. ಕೈಗೆ ಭಾರವಾಗಿರಬೇಕು, ಸಿಪ್ಪೆ ಹೊಳೆಯುತ್ತಿರಬೇಕು, ತೊಟ್ಟು ಹಸಿರಾಗಿರಬೇಕು. ಬಲಿತ ಬದನೆಯಲ್ಲಿ ಬೀಜ ಹೆಚ್ಚು, ಕಹಿಯೂ ಹೆಚ್ಚು. ಸಣ್ಣ ತೂತಿದ್ದರೆ ಒಳಗೆ ಹುಳುವಿದೆ ಎಂದರ್ಥ. ಉಡುಪಿಯ ಕಡೆಯ ನೆಂಟರು ಮಟ್ಟು ಗುಳ್ಳ ತಂದುಕೊಟ್ಟರೆ ಅದರಲ್ಲೂ ಮಾಡಬಹುದು. ಯಾವ ಬದನೆಯೇ ಆಗಲಿ, ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ.

ಇಟಲಿಯವರು ಬೇಸಿಲ್ ಎನ್ನುವ ಎಲೆ ನಮ್ಮ ಕಾಮಕಸ್ತೂರಿಯೇ. ಫಲೂದಕ್ಕೆ ಹಾಕುವ ಕಪ್ಪು ಬೀಜ ಇದೇ ಗಿಡದ್ದು. ಕುಂಡದಲ್ಲಿ ಬೀಜ ಚೆಲ್ಲಿದರೆ ಸುಲಭವಾಗಿ ಬರುತ್ತದೆ. ತುಳಸಿ ಇದರ ದಾಯಾದಿಯಾದರೂ ರುಚಿ ಬೇರೆ. ಕಾಮಕಸ್ತೂರಿ ಸಿಗದಿದ್ದರೆ ದೊಡ್ಡಪತ್ರೆಯ ಎರಡೇ ಎರಡು ಎಲೆ ಹೆಚ್ಚಿ ಹಾಕಿ. ಬೆಳ್ಳುಳ್ಳಿ, ಈ ಎಲೆಗಳ ಘಮ ಚೆನ್ನಾಗಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಮಾಡುವ ವಿಧಾನ

ಮೊದಲು ಗೊಜ್ಜು. ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ತುರಿದ ಕ್ಯಾರೆಟ್ ಬಾಡಿಸಿ. ಹೆಚ್ಚಿದ ಟೊಮೆಟೊ ಹಾಕಿ, ಮುಚ್ಚದೆ ಸಣ್ಣ ಉರಿಯಲ್ಲಿ 25–30 ನಿಮಿಷ ಕುದಿಸಿ. ನೀರಾಗಿರಬಾರದು, ಚಟ್ನಿಯ ಹದಕ್ಕೆ ಬರಬೇಕು. ನಾಟಿ ಟೊಮೆಟೊ ಹುಳಿ ಜಾಸ್ತಿ. ಹುಳಿ ಮುರಿಯಲು ಸಕ್ಕರೆ ಹಾಕುವ ಬದಲು ಕ್ಯಾರೆಟ್ ಹಾಕಿರುವುದು ಇದಕ್ಕಾಗಿಯೇ. ಕೊನೆಗೆ ಉಪ್ಪು, ಮೆಣಸಿನ ಪುಡಿ, ಅರ್ಧದಷ್ಟು ಕಾಮಕಸ್ತೂರಿ ಬೆರೆಸಿ. ಉಪ್ಪು ಹಾಕುವುದು ಈ ಒಂದು ಕಡೆ ಮಾತ್ರ.

ಗೊಜ್ಜು ಕುದಿಯುತ್ತಿರುವಾಗ ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ 10–15 ನಿಮಿಷ ಕಾಯಿಸಿ. ಬದನೆಯನ್ನು ಸಿಪ್ಪೆ ಸಹಿತ ಬೆರಳು ದಪ್ಪಕ್ಕಿಂತ ಸ್ವಲ್ಪ ತೆಳ್ಳಗೆ, ಸುಮಾರು 1 ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆಗಳಾಗಿ ಹೆಚ್ಚಿ. ಪಲ್ಯಕ್ಕೆ ಮಾಡುವಂತೆ ನೀರಿನಲ್ಲಿ ಹಾಕಬೇಡಿ. ಉಳಿದ ಎರಡು ಚಮಚ ಎಣ್ಣೆಯನ್ನು ಬಟ್ಟಲಿಗೆ ಹಾಕಿಕೊಂಡು, ದೋಸೆ ಕಾವಲಿಗೆ ಸವರುವಂತೆ ಅರ್ಧ ಈರುಳ್ಳಿಯಿಂದಲೋ ಬ್ರಷ್‌ನಿಂದಲೋ ಹೋಳುಗಳ ಎರಡೂ ಬದಿಗೆ ಸವರಿ. ಬಟ್ಟಲಿನ ಎಣ್ಣೆ ಮುಗಿದರೆ ಮತ್ತೆ ಸುರಿಯಬೇಡಿ. ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಜೋಡಿಸಿ 25–30 ನಿಮಿಷ ಇಡಿ. ಅರ್ಧ ಸಮಯ ಕಳೆದ ಮೇಲೆ ಮಗುಚಿ ಹಾಕಿ. ಓವನ್ ಸಣ್ಣದಾದರೆ ಎರಡು ಸರದಿಯಲ್ಲಿ ಮಾಡಿ. ಹೋಳು ಪೂರ್ತಿ ಮೆತ್ತಗಾಗಿರಬೇಕು. ಅರೆಬೆಂದ ಬದನೆ ಮುಂದಿನ ಹಂತದಲ್ಲಿ ಸರಿಯಾಗಿ ಬೇಯುವುದಿಲ್ಲ.

ಈಗ ಗಾಜಿನ ಅಥವಾ ಪಿಂಗಾಣಿಯ ಓವನ್ ಪಾತ್ರೆಯ ತಳಕ್ಕೆ ಸ್ವಲ್ಪ ಗೊಜ್ಜು, ಅದರ ಮೇಲೆ ಬದನೆ, ಮತ್ತೆ ಗೊಜ್ಜು, ಸ್ವಲ್ಪ ಚೀಸ್, ಎರಡು ಎಲೆ. ಹೀಗೆ ಮೂರು ಪದರ ಮಾಡಿ. ಚೀಸ್‌ನ ಹೆಚ್ಚು ಪಾಲನ್ನು ಮೇಲಿನ ಪದರಕ್ಕೇ ಉಳಿಸಿಕೊಳ್ಳಿ. ಕಣ್ಣಿಗೂ ನಾಲಿಗೆಗೂ ಮೊದಲು ಸಿಗುವುದು ಅದೇ ಆದ್ದರಿಂದ ಕಡಿಮೆ ಹಾಕಿದರೂ ತೃಪ್ತಿಯಾಗುತ್ತದೆ. ಬ್ರೆಡ್ ಪುಡಿ ಉದುರಿಸಿ 180 ಡಿಗ್ರಿಯಲ್ಲಿ 25–30 ನಿಮಿಷ ಇಡಿ. ಮೇಲೆ ಕೆಂಪಗಾಗಿ ಅಂಚಿನಲ್ಲಿ ಗುಳ್ಳೆಗಳು ಕುದಿಯತೊಡಗಿದರೆ ಆಯಿತು. ಹೊರತೆಗೆದು 15 ನಿಮಿಷ ಹಾಗೆಯೇ ಬಿಡಿ. ಆಗ ಪದರಗಳು ಗಟ್ಟಿಯಾಗಿ ತುಂಡು ಮಾಡಲು ಬರುತ್ತದೆ, ಕರಗಿದ ಚೀಸ್ ಮಕ್ಕಳ ಬಾಯಿ ಸುಡುವುದೂ ತಪ್ಪುತ್ತದೆ.

ಹುಳಿಯಿರುವ ಈ ಪದಾರ್ಥವನ್ನು ಬರಿಯ ಅಲ್ಯೂಮಿನಿಯಂ ತಟ್ಟೆಯಲ್ಲಿ ಮಾಡಬೇಡಿ. ಹುಳಿಗೆ ಲೋಹ ಸ್ವಲ್ಪ ಸ್ವಲ್ಪ ಕರಗಿ ಬೆರೆಯುತ್ತದೆ, ರುಚಿಯೂ ಕೆಡುತ್ತದೆ. ಸ್ಟೀಲ್ ಪಾತ್ರೆಯಾದರೆ ಅಡ್ಡಿಯಿಲ್ಲ.

ಈ ಲೆಕ್ಕದಲ್ಲಿ ಒಬ್ಬರ ಪಾಲಿಗೆ ಸುಮಾರು 300ರಿಂದ 350 ಕ್ಯಾಲೊರಿ, 10 ಗ್ರಾಂನಷ್ಟು ಎಣ್ಣೆ ಬರುತ್ತದೆ. ದಿನದ 400 ಗ್ರಾಂ ತರಕಾರಿಯೂ ಹೆಚ್ಚುಕಡಿಮೆ ಇದರಲ್ಲೇ ಮುಗಿಯಿತು. ಆದರೆ ಪ್ರೋಟೀನ್ ಕಡಿಮೆ. ಆದ್ದರಿಂದ ಜೊತೆಗೆ ಹೆಸರುಬೇಳೆ ಕೋಸಂಬರಿಯನ್ನೋ ಕಾಳಿನ ಉಸಲಿಯನ್ನೋ ಮಾಡಿಕೊಳ್ಳಿ. ಒಂದೆರಡು ಚಪಾತಿ ಸಾಕು. ಬೆಣ್ಣೆ ಸವರಿದ ಬೆಳ್ಳುಳ್ಳಿ ಬ್ರೆಡ್, ತಂಪು ಪಾನೀಯ ಜೊತೆಗಿಟ್ಟರೆ ಉಳಿಸಿದ ಕ್ಯಾಲೊರಿಯೆಲ್ಲ ವಾಪಸು ಬರುತ್ತದೆ.

ಓವನ್ ಇಲ್ಲದಿದ್ದರೆ, ಇದ್ದರೆ

ಓವನ್ ಇಲ್ಲದವರು ನಿರಾಶರಾಗಬೇಕಾಗಿಲ್ಲ. ಬದನೆ ಬಿಲ್ಲೆಗಳನ್ನು ದೋಸೆ ಕಾವಲಿಯ ಮೇಲೆ ಸ್ವಲ್ಪ ಎಣ್ಣೆ ಸವರಿ, ಮುಚ್ಚಳ ಮುಚ್ಚಿ, ಎರಡೂ ಬದಿ ಬೇಯಿಸಿ. ದಪ್ಪ ತಳದ ಬಾಣಲೆಯಲ್ಲಿ ಪದರಗಳನ್ನು ಜೋಡಿಸಿ, ಬಿಗಿಯಾಗಿ ಮುಚ್ಚಿ, ತೀರ ಸಣ್ಣ ಉರಿಯಲ್ಲಿ 15–20 ನಿಮಿಷ ಇಡಿ. ಮೇಲೆ ಕೆಂಪಗಾಗುವುದಿಲ್ಲ, ರುಚಿಗೆ ಕೊರತೆಯಿಲ್ಲ. ಮೈಕ್ರೋವೇವ್ ಇರುವವರು ಗಮನಿಸಿ, ಬರಿಯ ಮೈಕ್ರೋವೇವ್‌ನಲ್ಲಿ ಬದನೆ ಬೇಯುತ್ತದೆ, ಕೆಂಪಗಾಗುವುದಿಲ್ಲ. ಅದಕ್ಕೆ ಕನ್ವೆಕ್ಷನ್ ಸೌಲಭ್ಯ ಬೇಕು.

ಮೇಜಿನ ಮೇಲಿಡುವ ವಿದ್ಯುತ್ ಓವನ್‌ಗಳು ಸಾಮಾನ್ಯವಾಗಿ 1200ರಿಂದ 2000 ವ್ಯಾಟ್‌ನವು. ಇವನ್ನು ಅರ್ತ್ ಇರುವ 16 ಆಂಪ್‌ನ ದೊಡ್ಡ ಪ್ಲಗ್ಗಿಗೇ ಹಾಕಬೇಕು. ಯಶವಂತಪುರ, ಆರ್.ಟಿ. ನಗರದ ಹಳೆಯ ಮನೆಗಳಲ್ಲಿ ಅಡುಗೆಮನೆಯ ವೈರಿಂಗ್ ಮಿಕ್ಸಿಗಷ್ಟೇ ಸಾಕಾಗುವಂತಿರುವುದುಂಟು. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ತಂತಿ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಓವನ್ ತಟ್ಟೆ ತಾಗಿ ಕೈ ಸುಟ್ಟರೆ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರವನ್ನು ಊದಿಕೊಳ್ಳುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಅಂಗೈಗಿಂತ ದೊಡ್ಡ ಸುಟ್ಟಗಾಯ, ಮುಖ ಅಥವಾ ಕೀಲಿನ ಮೇಲಿನ ಗಾಯ, ಮಕ್ಕಳ ಗಾಯ, ಸಕ್ಕರೆ ಕಾಯಿಲೆ ಇರುವವರ ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು.

ಯಾರು ಎಚ್ಚರ ವಹಿಸಬೇಕು?

ಮೂತ್ರಪಿಂಡದ ಕಾಯಿಲೆ ಇದ್ದು ಪೊಟ್ಯಾಷಿಯಂ ಕಡಿಮೆ ಮಾಡಿ ಎಂದು ಹೇಳಿಸಿಕೊಂಡವರಿಗೆ ಇಷ್ಟು ಟೊಮೆಟೊ ಒಳ್ಳೆಯದಲ್ಲ. ಅಂಥವರೂ ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ನುಂಗುವವರೂ ‘ಲೋ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು. ಅದರಲ್ಲಿರುವುದು ಪೊಟ್ಯಾಷಿಯಂ.

ಮೂತ್ರಕೋಶದಲ್ಲಿ ಕಲ್ಲಾದವರು ಟೊಮೆಟೊ, ಬದನೆಯ ಬೀಜಕ್ಕೆ ಹೆದರುತ್ತಾರೆ. ಬೀಜ ಮೂತ್ರಕ್ಕೆ ಹೋಗಿ ಕಲ್ಲಾಗುವುದಿಲ್ಲ. ಹೆಚ್ಚಿನ ಕಲ್ಲುಗಳಿಗೆ ನೀರು ಕಡಿಮೆ ಕುಡಿಯುವುದು, ಉಪ್ಪು ಹೆಚ್ಚು ತಿನ್ನುವುದು ಇವೇ ದೊಡ್ಡ ಕಾರಣಗಳು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಹೊರಹೋಗುವ ಕ್ಯಾಲ್ಷಿಯಂ ಹೆಚ್ಚುತ್ತದೆ. ಇಲ್ಲಿಯೂ ತಪ್ಪಿತಸ್ಥ ಬದನೆಯಲ್ಲ, ಉಪ್ಪು.

ಹುಳಿತೇಗು, ಎದೆಯುರಿ ಇರುವವರಿಗೆ ಟೊಮೆಟೊ ಮತ್ತು ಕೊಬ್ಬು ಸೇರಿದ ಊಟ ರಾತ್ರಿ ತೊಂದರೆ ಕೊಡಬಹುದು. ಮಧ್ಯಾಹ್ನ ತಿನ್ನಿ, ಅಥವಾ ಮಲಗುವುದಕ್ಕೆ ಮೂರು ಗಂಟೆ ಮುಂಚೆ ಊಟ ಮುಗಿಸಿ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವ ಹಲವರಿಗೆ ಮೊಝರೆಲ್ಲಾ ಸ್ವಲ್ಪ ಪ್ರಮಾಣದಲ್ಲಿ ಒಗ್ಗುತ್ತದೆ. ಅದರಲ್ಲಿ ಹಾಲಿನ ಸಕ್ಕರೆ ಕಡಿಮೆ. ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ನುಂಗುತ್ತಿರುವವರು ಬಹುಕಾಲ ಹದಗೊಳಿಸಿದ ಗಟ್ಟಿ ಚೀಸ್ ಬಿಡುವುದು ಒಳ್ಳೆಯದು. ಕೆಲವರಲ್ಲಿ ಮುಖ ಕೆಂಪೇರಿ, ತಲೆನೋವು, ಎದೆಬಡಿತ ಕಾಣಿಸಿಕೊಳ್ಳುತ್ತದೆ. ಚೀಸ್ ಬಿಡಿ, ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.

ಹಲ್ಲಿಲ್ಲದ ಹಿರಿಯರಿಗೆ ಇದು ಹೇಳಿ ಮಾಡಿಸಿದಂಥ ಖಾದ್ಯ. ಮೆತ್ತಗಿರುತ್ತದೆ, ಹಸಿ ಖಾರವಿಲ್ಲ. ತರಕಾರಿ ಎಂದರೆ ತಟ್ಟೆಯ ಅಂಚಿಗೆ ಸರಿಸುವ ಮಕ್ಕಳನ್ನು ಪದರ ಜೋಡಿಸುವ ಕೆಲಸಕ್ಕೆ ಕೂರಿಸಿ. ತಾವೇ ಜೋಡಿಸಿದ್ದನ್ನು ಅವರು ಬೇಡ ಎನ್ನುವುದು ಕಡಿಮೆ.

ಉಳಿದದ್ದನ್ನು ಏನು ಮಾಡುವುದು?

ಮಿಕ್ಕದ್ದನ್ನು ರಾತ್ರಿಯೆಲ್ಲ ಹೊರಗಿಡಬೇಡಿ. ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನ ರುಚಿ ಇನ್ನೂ ಕೂಡಿಬಂದಿರುತ್ತದೆ. ಬೇಕಾದಷ್ಟನ್ನೇ ತೆಗೆದು, ಒಳಗಿನಿಂದಲೂ ಹಬೆಯೇಳುವವರೆಗೆ ಒಮ್ಮೆ ಮಾತ್ರ ಬಿಸಿಮಾಡಿ. ಎರಡು ದಿನದೊಳಗೆ ಮುಗಿಸಿ. ಗಂಟೆಗಟ್ಟಲೆ ಕರೆಂಟು ಹೋಗಿ ಫ್ರಿಜ್ ಬೆಚ್ಚಗಾಗಿದ್ದರೆ ಆಸೆಪಡದೆ ಎಸೆಯಿರಿ.

ಚೀಸ್ ಇರುವ ಈ ಊಟ ವಾರಕ್ಕೊಮ್ಮೆ ಸಾಕು. ಅಂದು ಉಪ್ಪಿನಕಾಯಿ, ಹಪ್ಪಳ ಬೇಡ. ರಕ್ತದೊತ್ತಡ ಹತೋಟಿಯಲ್ಲಿದೆಯೆಂದು ಮಾತ್ರೆ ಬಿಡಬೇಡಿ, ಮಾತ್ರೆ ನುಂಗುತ್ತಿದ್ದೇನೆಂದು ಉಪ್ಪಿನ ಲೆಕ್ಕವನ್ನೂ ಬಿಡಬೇಡಿ. ಮೊದಲ ಸಲ ಮಾಡುವಾಗ ಎಣ್ಣೆಯನ್ನು ಸೀಸೆಯಿಂದ ನೇರವಾಗಿ ಸುರಿಯದೆ ಚಮಚದಿಂದ ಅಳೆಯಿರಿ, ಚೀಸನ್ನು ತೂಗಿ ಹಾಕಿ. ಎರಡು ಮೂರು ಸಲ ಹೀಗೆ ಮಾಡಿದರೆ ಕೈಗೆ ಅಳತೆ ಕೂತುಬಿಡುತ್ತದೆ. ಆ ಅಳತೆ ನಾಳೆಯ ಎಣ್ಣೆಗಾಯಿಗೂ ನಾಡಿದ್ದಿನ ವಾಂಗಿಭಾತಿಗೂ ಉಪಯೋಗಕ್ಕೆ ಬರುತ್ತದೆ.